ಬಸುರಿಯರಿಗೆ ನಾನು ಕೊಟ್ಟ ಮಾತು

ಮಹಡಿಯ ಮೇಲಿನ ಕೋಣೆಯಲ್ಲಿ ತುಕ್ಕು ಹಿಡಿದ ಹಳೆಯ ಮಂಚಗಳನ್ನು ಪೇರಿಸಿಟ್ಟಿದ್ದರು. ಅವನ್ನು ಹೊರಗೆ ಹಾಕಿಸಿ, ನೆಲ ತೊಳೆಸಿ ನಾನು ಆರು ಚಾಪೆ ಹಾಸಿದೆ. ಆಸ್ಪತ್ರೆಯ ಡಾಕ್ಟ್ರಮ್ಮ ಬಾಗಿಲಲ್ಲಿ ನಿಂತು ನೋಡಿದವರು ಕೇಳಿದ್ದು ಒಂದೇ ಪ್ರಶ್ನೆ.

"ಬಿ.ಪಿ. ನೋಡುವ ಮಿಷನ್ ಎಲ್ಲಿಡ್ತೀರಿ?"

ಬಾಗಿಲ ಪಕ್ಕ ಒಂದು ಮೇಜು, ಒಂದು ಕುರ್ಚಿ ಇಡುತ್ತೇನೆಂದೆ. "ಅದನ್ನು ದಾಟದೆ ಯಾರೂ ಚಾಪೆಗೆ ಹೋಗಬಾರದು" ಎಂದು ಹೇಳಿ ಅವರು ಇಳಿದು ಹೋದರು.

ನಾನು ಫಿಸಿಯೋಥೆರಪಿಸ್ಟ್. ಮನೆ ಬ್ರಹ್ಮಾವರದಲ್ಲಿ. ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದು ಮೊಣಕಾಲು ನೋವಿನವರಿಗೆ, ಪಾರ್ಶ್ವವಾಯು ಬಡಿದವರಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಈ ಹೆರಿಗೆ ಆಸ್ಪತ್ರೆಗೆ ವಾರಕ್ಕೆ ಎರಡು ಸಲ ಹೋಗಿ ಬಾಣಂತಿಯರ ಸೊಂಟನೋವು ನೋಡುತ್ತಿದ್ದೆ. ಬಸುರಿಯರಿಗೂ ಒಂದು ವ್ಯಾಯಾಮದ ತರಗತಿ ಮಾಡೋಣ ಎಂದು ಕೇಳಿದವಳು ನಾನೇ. ಡಾಕ್ಟ್ರಮ್ಮ ಒಪ್ಪಿದರು, ಆದರೆ ಕಟ್ಟುಪಾಡು ಹಾಕಿದರು. ಸ್ಕ್ಯಾನಿಂಗ್ ರಿಪೋರ್ಟು ನೋಡಿ ಅವರು ಕಾರ್ಡಿಗೆ ಸಹಿ ಹಾಕಿದವರಿಗೆ ಮಾತ್ರ ಪ್ರವೇಶ. ಮಾಸು, ಅಂದರೆ ಪ್ಲಾಸೆಂಟಾ, ಗರ್ಭಕೋಶದ ಕೆಳಭಾಗದಲ್ಲಿದ್ದವರು, ರಕ್ತ ಕಂಡವರು, ಗರ್ಭಕಂಠಕ್ಕೆ ಹೊಲಿಗೆ ಹಾಕಿಸಿಕೊಂಡವರು ಬರುವಂತಿಲ್ಲ. ತಲೆನೋವು, ನೀರು ಹೋಗುವುದು, ಮಗು ಆಡುವುದು ಕಡಿಮೆಯಾಗುವುದು, ಇವುಗಳಲ್ಲಿ ಒಂದು ಇದ್ದರೂ ಅವತ್ತು ವ್ಯಾಯಾಮ ಇಲ್ಲ, ನೇರ ಕೆಳಗೆ ಅವರ ಕೋಣೆಗೆ.

ಶನಿವಾರ ಹತ್ತೂವರೆಗೆ ತರಗತಿ. ಮೊದಲ ಶನಿವಾರ ಮೂವರು ಬಂದರು. ಅವರಲ್ಲಿ ಇಬ್ಬರು ಬಾಗಿಲಿಂದ ಇಣುಕಿ, ಚಾಪೆ ಕಂಡು, "ನೆಲಕ್ಕೆ ಕೂಕಣ್ಕಾ?" ಎಂದು ಕೇಳಿ ಹಿಂದಿರುಗಿದರು. ಮುಂದಿನ ವಾರ ನಾನು ಹೊರರೋಗಿಗಳ ಸಾಲಿನ ಎದುರು ಒಂದು ಬೋರ್ಡು ತೂಗುಹಾಕಿಸಿದೆ: 'ವ್ಯಾಯಾಮ ಮಾಡಿ, ಸಹಜ ಹೆರಿಗೆ ಪಡೆಯಿರಿ.' ಡಾಕ್ಟ್ರಮ್ಮ ಅದನ್ನು ಓದಿ, "ಹೀಗೇ ಬರೀಬೇಕಾ?" ಎಂದರು. ಜನ ಬರಬೇಕಲ್ಲ ಡಾಕ್ಟರೇ ಎಂದೆ. ಅಷ್ಟರಲ್ಲಿ ಅವರಿಗೆ ಹೆರಿಗೆ ಕೋಣೆಯಿಂದ ಕರೆ ಬಂತು. ಬೋರ್ಡು ಅಲ್ಲೇ ಉಳಿಯಿತು. ಜನವೂ ಬಂದರು. ಎರಡು ತಿಂಗಳಲ್ಲಿ ಆರು ಚಾಪೆ ಸಾಲದೆ ಇನ್ನೆರಡು ತರಿಸಿದೆ.

ಕೆರಾಡಿ ಕಡೆಯ ಆ ಹೆಂಗಸು ಬಂದದ್ದು ಆಗ. ಮೂವತ್ತೆರಡು ವರ್ಷ, ಚೊಚ್ಚಲು ಬಸುರಿ, ಆರೂವರೆ ತಿಂಗಳು. ನಾಲ್ಕು ವರ್ಷ ಚಿಕಿತ್ಸೆ ಪಡೆದ ಮೇಲೆ ನಿಂತ ಗರ್ಭ. ಗಂಡ ಹುಬ್ಬಳ್ಳಿಯಲ್ಲಿ ಹೋಟೆಲು ನಡೆಸುತ್ತಾನೆ. ಊರಿನ ಮನೆಯಲ್ಲಿ ಅವಳೂ ಅತ್ತೆಯೂ. ಗರ್ಭ ನಿಂತ ದಿನದಿಂದ ಅತ್ತೆ ಅವಳನ್ನು ಮಂಚದಿಂದ ಇಳಿಯಲು ಬಿಟ್ಟಿರಲಿಲ್ಲ. ಗಂಜಿ, ತುಪ್ಪ, ಹಣ್ಣು ಎಲ್ಲ ಕೂತಲ್ಲಿಗೇ. ತೂಕ ಏರಿತ್ತು. ಸಕ್ಕರೆ ಪರೀಕ್ಷೆ ಮಾಡಿದರೆ ಬಸುರಿನಲ್ಲಿ ಬರುವ ಸಿಹಿಮೂತ್ರ. ಖಾಲಿ ಹೊಟ್ಟೆಯಲ್ಲೇ ನೂರಾ ನಾಲ್ಕು ಇತ್ತು. ಡಾಕ್ಟ್ರಮ್ಮ ಅವಳ ಊಟದ ಪಟ್ಟಿ ಬದಲಿಸಿದರು. ಎರಡು ವಾರ ನೋಡುತ್ತೇನೆ, ಇಳಿಯದಿದ್ದರೆ ಇನ್ಸುಲಿನ್ ಎಂದು ಹೇಳಿ ಮೇಲೆ ನನ್ನ ಬಳಿಗೆ ಕಳಿಸಿದ್ದರು.

ಸೊಸೆ ಮಾತಾಡುವ ಮೊದಲೇ ಅತ್ತೆ ಶುರುಮಾಡಿದರು. ಅರುವತ್ತು ದಾಟಿದ, ಗಟ್ಟಿ ದನಿಯ ಹೆಂಗಸು.

"ಹ್ವಾಯ್, ನಾಲ್ಕ್ ವರ್ಷ ಆಸ್ಪತ್ರಿ ತಿರ್ಗಿ ನಿಂತ ಬಸ್ರ್ ಇದ್. ಇವ್ಳನ್ನ ಬಗ್ಸಿ ಏಳ್ಸಿ ಎಂತಾರೂ ಆದ್ರೆ ಯಾರ್ ಜವಾಬ್ದಾರಿ?"

"ಅಮ್ಮ, ಮೊದ್ಲ್ ಕೂಕಣಿ. ಇವತ್ತ್ ಎಂತ ಮಾಡ್ಸ್ತೆ ಅಂದ್ ಕಂಡ್ಕಣಿ. ಬ್ಯಾಡ ಅಂದ್ ಕಂಡ್ರೆ ಕರ್ಕಂಡ್ ಹೋಯ್ನಿ" ಎಂದೆ.

ಅವರು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತರು, ಕಾವಲಿಗೆ ಕೂತ ಹಾಗೆ. ನಾನು ಸೊಸೆಯ ಬಿ.ಪಿ. ನೋಡಿದೆ, ನಾಡಿ ಎಣಿಸಿದೆ, ಕಾರ್ಡಿನಲ್ಲಿ ಬರೆದೆ. ಆರು ತಿಂಗಳು ಮಲಗಿದ್ದವಳಿಗೆ ಮೊದಲ ದಿನ ಮಾಡಿಸುವಂಥದ್ದು ಬಹಳ ಇರುವುದಿಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಹತ್ತು ಸಲ. ಏಳನೆಯದಕ್ಕೇ ಅವಳ ತೊಡೆ ನಡುಗಿತು. ಗೋಡೆಗೆ ಕೈಕೊಟ್ಟು ಹಿಮ್ಮಡಿ ಎತ್ತುವುದು. ಮೊಣಕಾಲು, ಅಂಗೈ ಊರಿ ಬೆಕ್ಕಿನ ಹಾಗೆ ಬೆನ್ನು ಮೇಲಕ್ಕೆ ಬಾಗಿಸುವುದು. ಐದು ತಿಂಗಳು ಕಳೆದ ಮೇಲೆ ಅಂಗಾತ ಮಲಗಿಸಿ ಏನನ್ನೂ ಮಾಡಿಸುವುದಿಲ್ಲ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ತಿರುಗುತ್ತದೆ. ಉಸಿರು ಕಟ್ಟಬಾರದು. ಮಾಡುತ್ತಾ ಮಾತಾಡಲು ಆಗಬೇಕು, ಮಾತು ತುಂಡಾದರೆ ವೇಗ ಹೆಚ್ಚಾಯಿತು ಅಂತ ಅರ್ಥ. ಇದನ್ನೆಲ್ಲ ಹೇಳುತ್ತಾ ಮಾಡಿಸಿದೆ.

ಮುಗಿದ ಮೇಲೆ ಅತ್ತೆ ಕೇಳಿದರು, "ಇಷ್ಟೆಯಾ?"

"ಇಷ್ಟೆ. ಮನೆಯಲ್ಲಿ ಊಟ ಆಯ್ ಕಾಲ್ ಗಂಟಿ ಬಿಟ್ಟ್, ಹದ್ನೈದ್ ನಿಮಿಷ ನಡೀಕ್. ಮೂರ್ ಹೊತ್ತೂ."

"ಬಸ್ರಿ ಹೆಂಗ್ಸ್ ಮೂರ್ ಹೊತ್ತ್ ರಸ್ತಿಯಂಗ್ ತಿರ್ಗ್ರೆ ಊರಿನವ್ರ್ ಎಂತ ಹೇಳೂದಿಲ್ಲೆ? ನಾನ್ ನಾಲ್ಕ್ ಹೆತ್ತವ್ಳ್. ಒಂದಕ್ಕೂ ಇಂಥಾದ್ದ್ ಮಾಡ್ಲಿಲ್ಲೆ."

ಅವರು ಗದ್ದೆ ನೆಟ್ಟು, ಬಾವಿಯಿಂದ ನೀರು ಸೇದಿ, ಭತ್ತ ಕುಟ್ಟಿ ಹೆತ್ತವರು ಎಂದು ನನಗೆ ಗೊತ್ತಿತ್ತು. ವಾದ ಬೇಡವೆಂದು ಹೇಳಲಿಲ್ಲ. ಕೊನೆಗೆ ರಸ್ತೆ ಬೇಡ, ಮನೆಯ ಅಂಗಳದಲ್ಲೇ ನಡೆಯಲಿ ಎಂದು ಒಪ್ಪಂದವಾಯಿತು. ಸೊಸೆ ಅಷ್ಟು ಹೊತ್ತೂ ಸುಮ್ಮನಿದ್ದವಳು ಹೋಗುವಾಗ ಬೋರ್ಡಿನ ಬಳಿ ನಿಂತು ಓದಿ ಹೋದಳೆಂದು ಸಾಲಿನಲ್ಲಿದ್ದ ನರ್ಸು ಆಮೇಲೆ ಹೇಳಿದಳು.

ಮುಂದಿನ ಶನಿವಾರ ಅವರು ಬರಲಿಲ್ಲ. ಬಿಟ್ಟರು ಎಂದುಕೊಂಡೆ. ಅದರ ಮುಂದಿನ ವಾರ ಬಂದರು. ಸೊಸೆಯ ಕೈಯಲ್ಲಿ ಒಂದು ನೋಟುಪುಸ್ತಕ. ಪ್ರತಿದಿನದ ನಡಿಗೆ, ಕೂತು ಎದ್ದ ಲೆಕ್ಕ, ಸಕ್ಕರೆಯ ಅಂಕೆ ಎಲ್ಲ ಗೆರೆ ಎಳೆದು ಬರೆದಿದ್ದಳು. ಖಾಲಿ ಹೊಟ್ಟೆಯದ್ದು ತೊಂಬತ್ತೆಂಟಕ್ಕೆ ಇಳಿದಿತ್ತು. ಇನ್ನೂ ಎರಡು ವಾರಕ್ಕೆ ತೊಂಬತ್ತೊಂದು. ಡಾಕ್ಟ್ರಮ್ಮ ಇನ್ಸುಲಿನ್ ಮಾತು ಕೈಬಿಟ್ಟರು. ಅಂಗಳ ಸಾಲದೆ ಸೊಸೆ ರಸ್ತೆಗೂ ಇಳಿದಿದ್ದಳು, ಅತ್ತೆಯೂ ಜೊತೆಗೆ ನಡೆಯುತ್ತಿದ್ದರು. ಬೆನ್ನುನೋವು ಹೋಯಿತು, ನಿದ್ದೆ ಬರುತ್ತಿದೆ ಎಂದಳು. ಅವಳು ಮಾತಾಡತೊಡಗಿದ್ದೂ ಆಗಲೇ.

"ಮೇಡಂ, ಹೀಂಗೇ ಮಾಡ್ರೆ ಆಪ್ರೇಶನ್ ಬ್ಯಾಡ ಅಲ್ದಾ?"

"ಹೀಂಗೇ ಮಾಡ್ರೆ ನಾರ್ಮಲ್ಲೇ ಆತ್ತ್. ಹೆದ್ರಬ್ಯಾಡಿ" ಎಂದೆ.

ಆ ಮಾತು ನನಗೆ ಸರಿಯಾಗಿ ನೆನಪಿದೆ. ಅದು ಸುಳ್ಳೆಂದು ನನಗೆ ಅನಿಸಿರಲಿಲ್ಲ. ವ್ಯಾಯಾಮ ಮಾಡುವ ಬಸುರಿಯರಲ್ಲಿ ಸಹಜ ಹೆರಿಗೆ ಸ್ವಲ್ಪ ಹೆಚ್ಚು ಎಂದು ಓದಿದ್ದೆ. ಆ 'ಸ್ವಲ್ಪ' ಎಂಬುದನ್ನು ನುಂಗಿಬಿಟ್ಟಿದ್ದೆ. ಚಾಪೆಯ ಮೇಲೆ ಕಷ್ಟಪಟ್ಟು ಬಾಗಿದವಳಿಗೆ 'ಸ್ವಲ್ಪ' ಎಂದು ಹೇಳಿದರೆ ಅವಳು ಮುಂದಿನ ವಾರ ಬರುತ್ತಾಳೆಯೇ ಎಂಬ ಲೆಕ್ಕಾಚಾರವೂ ಇತ್ತು.

ಎಂಟನೇ ತಿಂಗಳಲ್ಲಿ ಅವಳು ತೊಡೆನೋವೆಂದಳು. ನೋಟುಪುಸ್ತಕ ನೋಡಿದೆ. ನಾನು ಹೇಳಿದ್ದು ಕಿಟಕಿಯ ಸರಳು ಹಿಡಿದು ಅರ್ಧ ಕೂತು ಏಳುವುದು, ಹತ್ತು ಸಲ. ಅವಳು ಬೆಳಿಗ್ಗೆ ಐವತ್ತು, ಸಂಜೆ ಐವತ್ತು ಮಾಡಿದ್ದಳು. ಗದರಿದೆ, ಹತ್ತಕ್ಕೆ ಇಳಿಸಿದೆ. ಗದರುವಾಗಲೂ ಒಳಗೊಳಗೆ ನನಗೆ ಹೆಮ್ಮೆಯೇ ಆಗಿತ್ತು. ಬೈಂದೂರಿನಿಂದ ಬರುತ್ತಿದ್ದ ಬ್ಯಾಂಕಿನ ಉದ್ಯೋಗಿಯೊಬ್ಬಳಿಗೆ ಆ ಪುಸ್ತಕ ತೋರಿಸಿ, ಹೀಗೆ ಮಾಡಬೇಕು ನೋಡಿ ಎಂದೂ ಹೇಳಿದೆ.

ಮೂವತ್ತೇಳು ವಾರ ತುಂಬಿದ ಶನಿವಾರ ಅವಳು ಒಬ್ಬಳೇ ಮೇಲೆ ಬಂದಳು. ಅತ್ತೆ ಕೆಳಗೆ ಔಷಧಿ ಅಂಗಡಿಯಲ್ಲಿ ನಿಂತಿದ್ದರು. ಮುಖ ಎಂದಿನದ್ದಲ್ಲ. ರೆಪ್ಪೆಗಳು ಊದಿದ್ದವು. ಬೆರಳಿನಲ್ಲಿ ಉಂಗುರ ಇರಲಿಲ್ಲ, ಅದಿದ್ದ ಜಾಗದಲ್ಲಿ ಗುರುತು ಮಾತ್ರ ಇತ್ತು. ಕುರ್ಚಿಯಲ್ಲಿ ಕೂರಿಸಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಿಸಿ ಪಟ್ಟಿ ಸುತ್ತಿದೆ. ನೂರ ಐವತ್ತು, ತೊಂಬತ್ತೆಂಟು. ಹಿಂದಿನ ವಾರ ನೂರ ಇಪ್ಪತ್ತೆರಡು, ಎಪ್ಪತ್ತೆಂಟು ಇತ್ತು.

"ಬಸ್ಸಲ್ಲಿ ನಿಂತ್ಕಂಡ್ ಬಂದೆ ಮೇಡಂ, ಅದ್ಕೆ" ಎಂದಳು.

ಇರಬಹುದು. ಬಂದ ಕೂಡಲೇ ಒಂದು ಸಲ ನೋಡಿ ತೀರ್ಮಾನ ಮಾಡುವಂತಿಲ್ಲ. ಹತ್ತು ನಿಮಿಷ ಕೂರಿಸಿದೆ. ಉಳಿದ ಏಳು ಹೆಂಗಸರು ಚಾಪೆಯ ಮೇಲೆ ಕಾಯುತ್ತಿದ್ದರು. ಅವರಿಗೆ ಭುಜ ತಿರುಗಿಸಲು ಹೇಳಿ ಮತ್ತೆ ಪಟ್ಟಿ ಸುತ್ತಿದೆ. ನೂರ ಐವತ್ತೆರಡು, ನೂರು.

"ತಲಿನೋವ್ ಇತ್ತಾ?"

"ಇಲ್ಲೆ."

ನಾನು ಅವಳ ಎದುರು ನೆಲದಲ್ಲಿ ಕೂತು ಮತ್ತೆ ಕೇಳಿದೆ. ಅವಳು ಬಾಗಿಲ ಕಡೆ ನೋಡಿದಳು, ಅತ್ತೆ ಇಲ್ಲವೆಂದು ಖಾತ್ರಿ ಮಾಡಿಕೊಂಡಳು.

"ಗುರುವಾರದಿಂದ ಇತ್ತ್. ಮಾತ್ರಿ ತಕಂಡ್ರೂ ಹೋತಿಲ್ಲೆ. ಕಣ್ಣ್ ಮುಂದೆ ಮಿಂಚ್‌ಹುಳ ಹಾರ್ದಾಂಗ್ ಆತ್ತ್."

"ಯಾರಿಗಾರೂ ಹೇಳಿದ್ಯಾ?"

"ಅವತ್ತೇ ಆಶಾ ಕಾರ್ಯಕರ್ತಿ ಅಕ್ಕ ಬಂದಿದ್ರ್. ಬಿ.ಪಿ. ಕಂಡ್ ಇವತ್ತೇ ಆಸ್ಪತ್ರಿಗ್ ಹೋಗ್ ಅಂದ್ರ್. ಅತ್ತಿಗ್ ಹೇಳ್ಲಿಲ್ಲೆ ನಾನ್." ಅವಳು ನನ್ನ ಕೈ ಹಿಡಿದುಕೊಂಡಳು. "ಮೇಡಂ, ಡಾಕ್ಟ್ರಮ್ಮನಿಗ್ ಹೇಳ್ಬ್ಯಾಡಿ. ಹೇಳ್ರೆ ಇವತ್ತೇ ಆಪ್ರೇಶನ್ ಮಾಡ್ತ್ರ್. ಇನ್ನ್ ಮೂರ್ ವಾರ ಅಲ್ದಾ? ನೀವೇ ಹೇಳಿದ್ರಿ ನಾರ್ಮಲ್ ಆತ್ತ್ ಅಂದ್. ನಾನ್ ಎಲ್ಲ ಮಾಡಿದ್ದೆ. ಒಂದ್ ದಿನವೂ ಬಿಡ್ಲಿಲ್ಲೆ."

ಗುರುವಾರದಿಂದ ಎರಡು ದಿನ. ಆ ಎರಡು ದಿನದಲ್ಲಿ ಅವಳಿಗೆ ಫಿಟ್ಸ್ ಬರಬಹುದಿತ್ತು. ಮಾಸು ಕಳಚಿಕೊಳ್ಳಬಹುದಿತ್ತು. ಕೆರಾಡಿಯಿಂದ ಕುಂದಾಪುರಕ್ಕೆ ಬರುವ ದಾರಿ ಸಣ್ಣದಲ್ಲ. ಅವಳನ್ನು ಮನೆಯಲ್ಲಿ ಕೂರಿಸಿದ್ದು ಆಪರೇಷನ್ನಿನ ಹೆದರಿಕೆ, ಕಾದರೆ ಅದು ತಪ್ಪುತ್ತದೆಂದು ನಂಬಿಸಿದ್ದು ನನ್ನ ಮಾತು. ಅದನ್ನು ಆ ಕ್ಷಣದಲ್ಲಿ ಇಷ್ಟು ವಿವರವಾಗಿ ಯೋಚಿಸಿದೆ ಎನ್ನಲಾರೆ. ಅವಳ ಕೈ ತಣ್ಣಗಿತ್ತು ಎನ್ನುವುದಷ್ಟೇ ಗಮನಕ್ಕೆ ಬಂತು.

"ನಾನ್ ಹೇಳಿದ್ದ್ ತಪ್ಪ್. ಈಗ ಕೆಳಗ್ ಹೋಪ" ಎಂದೆ.

ಅವಳು ಕೈ ಬಿಡಿಸಿಕೊಂಡಳು. ಅಳಲಿಲ್ಲ. ಚಾಪೆಯ ಮೇಲಿದ್ದವರೆಲ್ಲ ಭುಜ ತಿರುಗಿಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಇವತ್ತಿಗೆ ತರಗತಿ ಇಲ್ಲ, ಮನೆಗೆ ಹೋಗಿ ಎಂದು ಹೇಳಿ, ಗಾಲಿಕುರ್ಚಿ ತರಿಸಿದೆ. ಮೆಟ್ಟಿಲು ಬಿಟ್ಟು, ಹಿಂಬದಿಯ ಇಳಿಜಾರಿನಲ್ಲಿ ನಾನೇ ತಳ್ಳಿಕೊಂಡು ಇಳಿಸಿದೆ.

ಡಾಕ್ಟ್ರಮ್ಮ ಮೊಣಕಾಲಿನ ಕೆಳಗೆ ಸುತ್ತಿಗೆ ಬಡಿದು ನೋಡಿದರು, ಕಾಲು ಜೋರಾಗಿ ಒದೆಯಿತು. ಮೂತ್ರದಲ್ಲಿ ಪ್ರೋಟೀನು ಎರಡು ಪ್ಲಸ್. ರಕ್ತ ಪರೀಕ್ಷೆಗೆ ಹೋಯಿತು. ಫಿಟ್ಸ್ ಬಾರದಂತೆ ಮೆಗ್ನೀಸಿಯಂ, ಬಿ.ಪಿ. ಇಳಿಯಲು ಮಾತ್ರೆ. ಮಗುವಿನ ಎದೆಬಡಿತ ಸರಿಯಾಗಿತ್ತು. ಇನ್ನು ಕಾಯುವುದಿಲ್ಲ, ನೋವು ಬರಿಸುತ್ತೇವೆ ಎಂದರು. ಮಧ್ಯಾಹ್ನ ಒಂದು ಗಂಟೆಗೆ ಗರ್ಭಕಂಠ ಮೆದುವಾಗಲು ಜೆಲ್ ಇಟ್ಟರು.

ಅತ್ತೆ ಹೆರಿಗೆ ಕೋಣೆಯ ಹೊರಗೆ ನನ್ನನ್ನು ಹಿಡಿದರು. ಸುತ್ತ ಹತ್ತಾರು ಜನ.

"ಬಗ್ಸಿ ಏಳ್ಸಿ, ಬಗ್ಸಿ ಏಳ್ಸಿ ಹೀಂಗ್ ಆದ್ದ್. ಮನಿಯಂಗೆ ಸುಮ್ನೆ ಮನಿಕಂಡಿದ್ದಿದ್ರೆ ಎಂತ ಆತಿತ್ತಿಲ್ಲೆ. ಎಂತಕ್ ಬಂತ್ ಇದ್? ಹೇಳಿ, ಎಂತಕ್ ಬಂತ್?"

ಒಳಗಿಂದ ಬಂದ ಡಾಕ್ಟ್ರಮ್ಮ ಅತ್ತೆಯನ್ನು ಬೆಂಚಿನಲ್ಲಿ ಕೂರಿಸಿ ಪಕ್ಕ ಕೂತರು. "ಅಮ್ಮ, ಬಸುರಿನಲ್ಲಿ ಏರುವ ಈ ಬಿ.ಪಿ. ವ್ಯಾಯಾಮದಿಂದ ಬರುವ ಕಾಯಿಲೆ ಅಲ್ಲ. ಚೊಚ್ಚಲಿನವರಲ್ಲಿ, ಸಕ್ಕರೆ ಇದ್ದವರಲ್ಲಿ ಹೆಚ್ಚು. ಮಲಗಿದ್ರೂ ಬರ್ತಿತ್ತು. ಗುರುವಾರವೇ ಬರಬೇಕಿತ್ತು, ಅಷ್ಟೇ ತಪ್ಪಾದದ್ದು. ಇವತ್ತು ಇವರು ಕರ್ಕೊಂಡು ಬಂದದ್ದಕ್ಕೆ ಇಷ್ಟಾದ್ರೂ ಆಯ್ತು" ಎಂದರು. ಅತ್ತೆ ಮುಖ ತಿರುಗಿಸಿಕೊಂಡರು.

ಆಮೇಲೆ ಡಾಕ್ಟ್ರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

"ಗುರುವಾರ ಅವಳು ಯಾಕೆ ಬರಲಿಲ್ಲ?"

ಹೇಳಿದೆ. ನಾನು ಅವಳಿಗೆ ಕೊಟ್ಟ ಮಾತನ್ನೂ, ನೋಟುಪುಸ್ತಕವನ್ನು ಬೇರೆಯವರಿಗೆ ತೋರಿಸಿ ಹೊಗಳಿದ್ದನ್ನೂ. ಅವರು ಮೇಜಿನ ಮೇಲಿನ ಪೆನ್ನು ತಿರುಗಿಸುತ್ತಾ ಕೇಳಿಸಿಕೊಂಡರು. "ಆ ಬೋರ್ಡನ್ನು ನಾನೂ ಓದಿದ್ದೆ. ತೆಗೆಸಲಿಲ್ಲ" ಎಂದರು. ಬೈಗುಳಕ್ಕೆ ತಯಾರಾಗಿ ಕೂತಿದ್ದೆ, ಬೈಯಲಿಲ್ಲ. "ಎರಡು ವಾರ ತರಗತಿ ಬೇಡ. ಅಷ್ಟರಲ್ಲಿ ಅವರಿಗೆ ಏನೇನು ಹೇಳ್ತೀರಿ ಅನ್ನೋದನ್ನು ಬರೆದು ತನ್ನಿ. ಏನು ಹೇಳೋದಿಲ್ಲ ಅನ್ನೋದನ್ನೂ."

ಮರುದಿನ ಭಾನುವಾರ. ನನಗೆ ರಜೆ, ಆದರೂ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಅವಳ ಗಂಡ ಹುಬ್ಬಳ್ಳಿಯಿಂದ ಬಂದು ಮುಟ್ಟಿದ್ದ, ಕಾಗದಗಳಿಗೆ ಸಹಿ ಮಾಡಿ ಕಾರಿಡಾರಿನಲ್ಲಿ ನಿಂತಿದ್ದ. ನೋವು ಶುರುವಾಗಿತ್ತು, ಗರ್ಭಕಂಠ ನಾಲ್ಕು ಸೆಂಟಿಮೀಟರು ತೆರೆದಿತ್ತು. ನಾನು ಎರಡೂವರೆ ತಿಂಗಳು ಅವಳಿಗೆ ಕಲಿಸಿದ್ದು ನೋವಿನಲ್ಲಿ ನಡೆಯುವುದನ್ನು, ಕಿಟಕಿಗೆ ಒರಗಿ ಸೊಂಟ ತೂಗುವುದನ್ನು, ಮಂಡಿಯೂರುವುದನ್ನು. ಈಗ ಒಂದು ಕೈಯಲ್ಲಿ ಮೆಗ್ನೀಸಿಯಂ, ನೋವು ಹೆಚ್ಚಿಸುವ ಔಷಧಿ ಹನಿಯುತ್ತಿದ್ದವು, ಇನ್ನೊಂದರಲ್ಲಿ ಬಿ.ಪಿ. ಪಟ್ಟಿ, ಹೊಟ್ಟೆಗೆ ಮಗುವಿನ ಎದೆಬಡಿತ ಕೇಳುವ ಬೆಲ್ಟು. ಎದ್ದು ನಿಲ್ಲುವಂತಿರಲಿಲ್ಲ. ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರಲಿಲ್ಲ.

ಹೆರಿಗೆ ಕೋಣೆಯ ಹಿರಿಯ ಸಿಸ್ಟರು ನನ್ನನ್ನು ಒಳಗೆ ಬಿಟ್ಟರು. ಎಡಮಗ್ಗುಲಲ್ಲಿ ಮಲಗಿಸಿ, ಮೊಣಕಾಲುಗಳ ನಡುವೆ ದಿಂಬು ಇಟ್ಟು, ನೋವು ಬಂದಾಗ ಸೊಂಟದ ಹಿಂಬದಿಗೆ ಅಂಗೈಯಿಂದ ಒತ್ತಿ ಹಿಡಿದೆ. ಉಸಿರು ಮಾತ್ರ ಅವಳ ಕೈಯಲ್ಲಿತ್ತು. ಮೂಗಿನಿಂದ ಒಳಗೆ, ಬಾಯಿಯಿಂದ ಉದ್ದಕ್ಕೆ ಹೊರಗೆ. ಅದನ್ನು ಅವಳು ಒಂದು ಸಲವೂ ತಪ್ಪಿಸಲಿಲ್ಲ. ನನ್ನ ಜೊತೆ ಮಾತಾಡಲಿಲ್ಲ. ಒಮ್ಮೆ ಮಾತ್ರ, "ಸ್ವಲ್ಪ ಕೆಳಗೆ ಒತ್ತಿ" ಎಂದಳು.

ಹನ್ನೊಂದರ ಹೊತ್ತಿಗೆ ಆರು ಸೆಂಟಿಮೀಟರು. ಅಲ್ಲಿಂದ ಮುಂದೆ, ಪ್ರತಿ ನೋವು ಮುಗಿಯುವಾಗಲೂ ಮಗುವಿನ ಎದೆಬಡಿತ ಇಳಿಯತೊಡಗಿತು. ಕಾಗದದ ಮೇಲೆ ಗೆರೆ ನೂರ ನಲವತ್ತರಿಂದ ತೊಂಬತ್ತಕ್ಕೆ ಜಾರುವುದು, ತಡವಾಗಿ ಮೇಲೇರುವುದು. ಮಗ್ಗುಲು ಬದಲಿಸಿದರು, ನೋವು ಹೆಚ್ಚಿಸುವ ಹನಿ ನಿಲ್ಲಿಸಿದರು. ಮತ್ತೆ ಇಳಿಯಿತು. ಡಾಕ್ಟ್ರಮ್ಮ ಇಪ್ಪತ್ತು ನಿಮಿಷದ ಕಾಗದ ಎಳೆದು ನೋಡಿ, ಅವಳ ತಲೆಯ ಬಳಿ ಬಾಗಿದರು.

"ಮಗು ಇನ್ನು ತಡೆಯೋದಿಲ್ಲಮ್ಮ. ಆಪರೇಷನ್ ಮಾಡಬೇಕು."

ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. "ಬೇಗ ಮಾಡಿ" ಎಂದಳು.

ಪ್ಲೇಟ್‌ಲೆಟ್ ಲೆಕ್ಕ ಸರಿಯಿದ್ದುದರಿಂದ ಬೆನ್ನಿಗೆ ಇಂಜೆಕ್ಷನ್ ಕೊಡುವುದೆಂದಾಯಿತು. ತುಂಬಿದ ಹೊಟ್ಟೆಯವಳು ನೋವಿನ ನಡುವೆ ಕೂತು ಬೆನ್ನು ಹೊರಕ್ಕೆ ಬಾಗಿಸುವುದು ಸುಲಭವಲ್ಲ, ಬಹಳ ಮಂದಿ ಸೆಟೆದುಕೊಳ್ಳುತ್ತಾರೆ. ಅರಿವಳಿಕೆಯ ಡಾಕ್ಟರು "ಬೆನ್ನು ಹೊರಗೆ" ಎಂದ ಕೂಡಲೇ ಅವಳು ಬೆಕ್ಕಿನ ಬೆನ್ನು ಮಾಡಿದಳು. ಸೂಜಿ ಒಂದೇ ಸಲಕ್ಕೆ ಹೋಯಿತು. ಇದನ್ನು ಸಿಸ್ಟರು ಆಮೇಲೆ ಹೇಳಿದ್ದು, ಆಪರೇಷನ್ ಕೋಣೆಯೊಳಗೆ ನಾನಿರಲಿಲ್ಲ. ಹನ್ನೆರಡು ಗಂಟೆಗೆ ಐದು ನಿಮಿಷ ಇರುವಾಗ ಹೆಣ್ಣುಮಗು. ಎರಡು ಕಿಲೋ ನಾನೂರು ಗ್ರಾಂ. ಸ್ವಲ್ಪ ತಡೆದು ಅತ್ತಿತು. ಮಗುವನ್ನು ತಂದು ತೋರಿಸಿದಾಗ ಅತ್ತೆ ಮೊದಲು ಕೇಳಿದ್ದು, "ಅವ್ಳ್ ಹ್ಯಾಂಗಿತ್ಲ್?"

ಅವಳ ಬಿ.ಪಿ. ಹತೋಟಿಗೆ ಬರಲು ಐದು ದಿನ ಹಿಡಿಯಿತು. ಎರಡನೆಯ ದಿನ ನಾನು ವಾರ್ಡಿಗೆ ಹೋದೆ. ಹೊಲಿಗೆಗೆ ಜಗ್ಗದಂತೆ ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳುವುದನ್ನು ತೋರಿಸುವುದು ನನ್ನ ಕೆಲಸ. ಅವಳು ಸರಾಗ ಎದ್ದಳು, ಪಕ್ಕದ ಹಾಸಿಗೆಯವರಿಗಿಂತ ಬೇಗ. ನಾಲ್ಕು ಹೆಜ್ಜೆ ನಡೆದು ಕಿಟಕಿಯ ಬಳಿ ನಿಂತಳು.

"ಮೇಡಂ, ನಾನ್ ಎಂತ ಬಿಟ್ಟೆ?"

ನನಗೆ ಕೂಡಲೇ ಅರ್ಥವಾಗಲಿಲ್ಲ.

"ಎಲ್ಲ ಮಾಡಿದ್ನಲೆ. ನಮ್ ಮನಿ ಹತ್ರದ್ದ್ ಒಂದ್ ಹೆಣ್ಣ್, ಒಂದ್ ದಿನ ನಡೀಲಿಲ್ಲೆ. ಅವ್ಳಿಗ್ ನಾರ್ಮಲ್ ಆಯ್ತ್. ನಾನ್ ಎಲ್ಲಿ ತಪ್ಪ್ ಮಾಡ್ದೆ?"

ಅವಳ ಪಕ್ಕ ನಿಂತು ಹೇಳಿದೆ. ಅವಳು ಏನನ್ನೂ ಬಿಟ್ಟಿರಲಿಲ್ಲ. ನಡೆದದ್ದರಿಂದ ಸಕ್ಕರೆ ಇಳಿಯಿತು, ಇನ್ಸುಲಿನ್ ಸೂಜಿ ತಪ್ಪಿತು, ಬೆನ್ನುನೋವು ಹೋಯಿತು, ಈಗ ಬೇಗ ಎದ್ದು ನಿಂತಿದ್ದಾಳೆ. ಅಷ್ಟನ್ನು ವ್ಯಾಯಾಮ ಮಾಡುತ್ತದೆ. ಮಗು ಯಾವ ದಾರಿಯಲ್ಲಿ ಬರುತ್ತದೆ ಎನ್ನುವುದನ್ನು ಅದೊಂದೇ ತೀರ್ಮಾನ ಮಾಡುವುದಿಲ್ಲ. ಮಾಡುತ್ತದೆ ಎಂದು ಹೇಳಿದವಳು ನಾನು. ತಪ್ಪು ಅಲ್ಲಿದೆ.

"ನಂಗ್ ಸಿಟ್ಟ್ ಬತ್ತಿತ್ತ್ ಮೇಡಂ" ಎಂದಳು. ಬರಲಿ ಎಂದೆ. ನಾನು ಹಿಡಿದುಕೊಳ್ಳಲೆಂದು ಕೈ ಚಾಚಿದೆ, ಅವಳು ಹಿಡಿಯದೆ ತಾನಾಗಿಯೇ ಹಾಸಿಗೆಗೆ ನಡೆದಳು.

ಎರಡು ವಾರ ಕುಳಿತು ಬರೆದದ್ದು ಒಂದೂವರೆ ಪುಟ. ಡಾಕ್ಟ್ರಮ್ಮ ಅದರಲ್ಲಿ ಎರಡು ಸಾಲು ಹೊಡೆದುಹಾಕಿ ಸಹಿ ಮಾಡಿದರು. ಬೋರ್ಡನ್ನು ಇಳಿಸಿದೆವು. ತರಗತಿ ಮತ್ತೆ ತೆರೆದ ಶನಿವಾರ ಏಳು ಮಂದಿಯೂ ಬಂದಿದ್ದರು. ಅವತ್ತು ಏನಾಯಿತೆಂದು ಅವರಿಗೆ ತಿಳಿಯಬೇಕಿತ್ತು. ಯಾರ ಮನೆಯದ್ದೂ ಹೆಸರೆತ್ತದೆ, ನಾನು ನಿಮಗೆ ತಪ್ಪು ಮಾತು ಕೊಟ್ಟಿದ್ದೆ ಎಂದು ಹೇಳಿದೆ. ವ್ಯಾಯಾಮದಿಂದ ಏನು ಸಿಗುತ್ತದೆ, ಏನು ಸಿಗಬಹುದು, ಯಾವುದಕ್ಕೆ ಖಾತ್ರಿ ಇಲ್ಲ ಎಂದು ಬಿಡಿಸಿ ಹೇಳಿದೆ. ತಲೆನೋವು ಮುಚ್ಚಿಟ್ಟು ಇಲ್ಲಿಗೆ ಬರಬೇಡಿ ಎಂದೆ.

ಬೈಂದೂರಿನ ಬ್ಯಾಂಕಿನವಳು ಕೈ ಎತ್ತಿದಳು. "ಹಾಗಾದ್ರೆ ಗ್ಯಾರಂಟಿ ಇಲ್ಲೆ ಅಂದ್ ಆಯ್ತ್. ಮತ್ತೆ ನಾನ್ ಬೈಂದೂರಿಂದ ಎಂತಕ್ ಬರ್ಕ್?"

ನಾನು ಮತ್ತೆ ಅದನ್ನೇ ಹೇಳಿದೆ. ಮುಂದಿನ ವಾರ ನಾಲ್ವರು ಬಂದರು. ಅವಳೂ ಇದ್ದಳು. ಬೇರೆ ಮೂವರು ಮತ್ತೆ ಬರಲಿಲ್ಲ, ಅವರ ಹೆರಿಗೆ ಹೇಗಾಯಿತೆಂದು ನನಗೆ ಗೊತ್ತಿಲ್ಲ.

ಆರು ವಾರ ಕಳೆದು ಕೆರಾಡಿಯವರು ತಪಾಸಣೆಗೆ ಬಂದರು. ಮಗು ತುಂಬಿಕೊಂಡಿತ್ತು. ಬಾಣಂತಿಯ ಬಿ.ಪಿ. ಸರಿಯಿತ್ತು. ಡಾಕ್ಟ್ರಮ್ಮ ನೋಡಿದ ಮೇಲೆ ನನ್ನಲ್ಲಿಗೆ ಕಳಿಸಿದರು. ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ, ಬಂದಳು. ಹೊಟ್ಟೆಯ ಸ್ನಾಯು ಎಷ್ಟು ಬಿಟ್ಟುಕೊಂಡಿದೆ ಎಂದು ಬೆರಳಿಟ್ಟು ಅಳೆದೆ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿ ಮಾಡುವ ವ್ಯಾಯಾಮ ಹೇಳಿಕೊಟ್ಟೆ. ಆಪರೇಷನ್ ಆದವರಿಗೂ ಅದು ಬೇಕು. ಬಸುರಿನ ಭಾರವೇ ಅವನ್ನು ಸಡಿಲಿಸಿರುತ್ತದೆ. ಕೆಮ್ಮಿದಾಗ, ಸೀನಿದಾಗ ಹನಿ ಮೂತ್ರ ಹೋಗುತ್ತದೆಯೇ ಎಂದು ಕೇಳಿದೆ. ಇಲ್ಲೆ ಎಂದಳು. ಅಷ್ಟರಲ್ಲಿ ಮಗು ಅತ್ತಿತು, ಹಾಲು ಕೊಡಲು ಪಕ್ಕದ ಕೋಣೆಗೆ ಹೋದಳು.

ಅತ್ತೆ ಕುರ್ಚಿಯಿಂದ ಏಳಲಿಲ್ಲ. ಬಾಗಿಲ ಕಡೆ ನೋಡಿದರು. ಎದ್ದು ಹೋಗಿ ಅದನ್ನು ಒತ್ತಿ ಹಾಕಿ ಬಂದು ಕೂತರು.

"ಅವ್ಳ್ ಹತ್ರ ಕೇಳಿದ್ರಿ ಅಲ್ದಾ, ಕೆಮ್ಮಿದ್ರೆ ಹೋತ್ತಾ ಅಂದ್?"

"ಹೌದ್."

"ನಂಗ್ ಹೋತ್ತ್." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ಕೆಮ್ಮಿದ್ರೂ ಹೋತ್ತ್, ನೆಗಾಡಿದ್ರೂ ಹೋತ್ತ್. ಕಿರಿ ಮಗ ಹುಟ್ಟಿದ್ ಮೇಲಿಂದ. ಅವ್ನಿಗ್ ಈಗ ಮೂವತ್ತಾಯ್ತ್. ಮದ್ವಿ ಮನಿಗ್ ಹೋಪುಕೂ ಹೆದ್ರಿಕಿ. ಎಲ್ಲ ಹೆಂಗ್ಸ್ರಿಗೂ ಹೀಂಗೇ ಆತ್ತ್ ಅಂದ್ಕಂಡಿದ್ದೆ."

"ಯಾರಿಗೂ ಹೇಳ್ಲಿಲ್ಯಾ ಅಮ್ಮ?"

"ಯಾರ್ ಕೇಳ್ರ್?"

ನಾನು ನನ್ನ ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡೆ. ಸಕ್ಕರೆ ಇದೆಯೇ, ಮೂತ್ರ ಉರಿಯುತ್ತದೆಯೇ, ಕೆಳಗೆ ಏನಾದರೂ ಜಾರಿ ಬಂದ ಹಾಗೆ ಆಗುತ್ತದೆಯೇ ಎಂದೆಲ್ಲ ಕೇಳಿ ಬರೆದುಕೊಂಡೆ. ಇವತ್ತೇ ಡಾಕ್ಟ್ರಮ್ಮನಿಗೂ ತೋರಿಸಬೇಕೆಂದೆ, ಒಪ್ಪಿದರು. ಆಮೇಲೆ ಎರಡೂ ಪಾದ ನೆಲಕ್ಕೆ ಊರಿ ನೆಟ್ಟಗೆ ಕೂರಲು ಹೇಳಿದೆ. ಮೂತ್ರ ಹೋಗುತ್ತಿರುವಾಗ ನಡುವೆ ತಡೆದು ಹಿಡಿದ ಹಾಗೆ ಒಳಕ್ಕೆ, ಮೇಲಕ್ಕೆ ಬಿಗಿ ಮಾಡಿ, ಐದು ಎಣಿಸುವವರೆಗೆ ಹಿಡಿಯಿರಿ, ಆಮೇಲೆ ಬಿಡಿ. ಮೊದಲ ಸಲ ಅವರು ಉಸಿರು ಕಟ್ಟಿ, ಭುಜ ಏರಿಸಿ, ಹಲ್ಲು ಕಚ್ಚಿದರು. ಹಾಗಲ್ಲ, ಉಸಿರು ಆಡುತ್ತಿರಲಿ, ಮುಖ ಸುಮ್ಮನಿರಲಿ ಎಂದೆ. ಎರಡನೆಯ ಸಲ ಮೂರಕ್ಕೇ ಬಿಟ್ಟುಹೋಯಿತು.

"ಇದ್ರಂಗ್ ಸಮಾ ಆತ್ತಾ?" ಎಂದು ಕೇಳಿದರು.

"ದಿನಾ ಮಾಡ್ರೆ ಸುಮಾರ್ ಜನಕ್ಕೆ ಕಮ್ಮಿ ಆತ್ತ್. ಮೂರ್ ತಿಂಗ್ಳ್ ಬೇಕ್. ನಿಮ್ಗ್ ಎಷ್ಟ್ ಆತ್ತ್ ಅಂದ್ ನಂಗ್ ಈಗ ಗೊತ್ತಿಲ್ಲೆ ಅಮ್ಮ."

ಪಕ್ಕದ ಕೋಣೆಯಲ್ಲಿ ಮಗು ಅಳು ನಿಲ್ಲಿಸಿತ್ತು. ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬೆನ್ನು ನೆಟ್ಟಗೆ ಮಾಡಿದರು.

"ಆಯ್ತ್" ಎಂದರು. "ಇನ್ನೊಂದ್ ಸರ್ತಿ ಎಣ್ಸಿ."